ಅವ್ವ ಮುಟ್ಟದ ಭಂಡಾರ

ಎತ್ತಿನ ಕಣ್ಣು ನೋಡುವುದು ಹೇಗೆಂದು ಮೊದಲೇ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮಾರುವವನು ಯಾವಾಗಲೂ ಹಲ್ಲು ತೋರಿಸಲು ಅವಸರ ಮಾಡುತ್ತಾನೆ. ನೀವು ಹಲ್ಲು ಬಿಟ್ಟು ಕಣ್ಣು ನೋಡಿ. ಎದುರಿಗೆ ನಿಲ್ಲಬೇಡಿ, ಪಕ್ಕದಿಂದ ಹೋಗಿ, ಹೆಗಲ ಮೇಲಿನ ಟವೆಲ್ಲನ್ನು ಸದ್ದಾಗದ ಹಾಗೆ ಅದರ ಮುಖದ ಮುಂದೆ ಇಳಿಬಿಡಿ. ರೆಪ್ಪೆ ಅಲುಗಿತೋ, ಧೈರ್ಯವಾಗಿ ಕೊಳ್ಳಿ. ಅಲುಗದಿದ್ದರೆ ಆ ಎತ್ತು ಕಿವಿಯಿಂದ ದಾರಿ ಹಿಡಿಯುತ್ತಿದೆ. ಮನೆಯವರಿಗೇ ಇದು ಗೊತ್ತಿರುವುದಿಲ್ಲ, ಯಾಕೆಂದರೆ ರೂಢಿಯ ದಾರಿಯಲ್ಲಿ ಕುರುಡು ಎತ್ತು ಎಡವುವುದಿಲ್ಲ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ಸಂತೆಗಳಲ್ಲಿ ನಾನು ದನದ ದಲಾಲಿ. ಅಪ್ಪ ನನಗೆ ಬಿಟ್ಟುಹೋದ ಆಸ್ತಿ ಒಂದು ಬಾರುಕೋಲು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ಯಾರೂ ಕಲಿಸಲಿಲ್ಲ, ನೋಡಿ ಕಲಿತೆ. ಅದರಲ್ಲೇ ಮನೆ ಕಟ್ಟಿದೆ, ಅದರಲ್ಲೇ ತಂಗಿಯ ಮದುವೆ ಮಾಡಿದೆ. ಅಕ್ಕಿಆಲೂರಿನ ಕಡೆಯ ನಮ್ಮ ಊರು ದೊಡ್ಡದಲ್ಲ. ತಂಗಿಯನ್ನು ಊರಲ್ಲೇ, ಅವ್ವನ ಅಣ್ಣನ ಮಗನಿಗೇ ಕೊಟ್ಟೆವು. ಹಾನಗಲ್ಲಿನಿಂದ ಇದಕ್ಕಿಂತ ಒಳ್ಳೆಯ ಸಂಬಂಧ ಬಂದಿತ್ತು. ನಾನು ಕುದುರಿಸಿಯೂ ಆಗಿತ್ತು. ಅವ್ವ ಒಪ್ಪಲಿಲ್ಲ. "ಇರಾಕಿ ಒಬ್ಬ ಮಗಳಪ. ಕಣ್ಣ ಮುಂದ ಇರ್ಲಿ" ಅಂದಳು. ಅವ್ವ ನನ್ನ ಮನೆಯಲ್ಲಿ, ತಂಗಿ ಎರಡು ಓಣಿ ಆಚೆ. ದಿನಕ್ಕೆ ಒಮ್ಮೆಯಾದರೂ ಬಂದು ಅವ್ವನ ಎಲೆಅಡಿಕೆ ಚೀಲಕ್ಕೆ ಕೈ ಹಾಕದಿದ್ದರೆ ತಂಗಿಗೆ ಹೊತ್ತು ಮುಳುಗುತ್ತಿರಲಿಲ್ಲ.

ಹಿಂದಿನ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಒಂದು ಮುಂಜಾನೆ ತಂಗಿ ಬಂದು ಕಟ್ಟೆಯ ಮೇಲೆ ಕೂತಳು.

"ಅಣ್ಣಾ, ನಾ ನಿಂದರ್ತೇನಿ."

"ನಿಂತು ಏನ್ ಮಾಡ್ತಿ?"

"ನೀ ದನದ ಹಲ್ಲು ಎಣಿಸೂದು ಬಿಟ್ಟು ನಮ್ಮ ಓಣ್ಯಾಗಿನ ಗಟಾರ ಒಮ್ಮೆರ ನೋಡೀಯೇನು? ಮಳಿ ಬಂದ್ರ ಒಲಿಮಟ ನೀರು ಬರ್ತಾವು. ಅದನ್ನ ಮಾಡಸ್ತೇನಿ."

ಅವಳಿಗೆ ನಿಜವಾಗಿಯೂ ಬೇಕಾಗಿತ್ತು. ನಮ್ಮ ಕಡೆ ಹೆಣ್ಣುಮಕ್ಕಳು ಗೆದ್ದರೂ ಕುರ್ಚಿಯ ಮೇಲೆ ಗಂಡ ಕೂಡುತ್ತಾನೆ. ತಂಗಿ ಹಾಗೆ ಬಿಡುವವಳಲ್ಲ. ಹೆಣ್ಣುಮಕ್ಕಳ ಸಂಘದ ಸಭೆಗಳಲ್ಲಿ ಎದ್ದು ನಿಂತು ಅಧಿಕಾರಿಗಳಿಗೇ ಉತ್ತರ ಕೇಳುತ್ತಿದ್ದಳು. ಹುಟ್ಟಿದಾಗಿನಿಂದ ಯಾರದೋ ಮಗಳು, ಯಾರದೋ ಹೆಂಡತಿ ಎಂದು ಕರೆಸಿಕೊಂಡವಳಿಗೆ ಒಮ್ಮೆಯಾದರೂ ತನ್ನ ಹೆಸರು ಗೋಡೆಯ ಮೇಲೆ ನೋಡಬೇಕಿತ್ತು. ಎದುರಾಳಿಯಾಗಿ ನಿಂತವಳು ನಮ್ಮದೇ ಪಕ್ಕದ ಮನೆಯ ಸೊಸೆ. ಆಕೆ ಮದುವೆಯಾಗಿ ಬಂದಂದಿನಿಂದ ಅವ್ವನಿಗೆ ದಿನಾ ಒಂದು ತಂಬಿಗೆ ಮಜ್ಜಿಗೆ ತಂದುಕೊಡುತ್ತಿದ್ದಳು. ಈ ಮಜ್ಜಿಗೆಯನ್ನು ನೆನಪಿಡಿ.

ನಮ್ಮ ಕಡೆ ಪ್ರಚಾರವೆಂದರೆ ಅರ್ಧ ದೇವರ ಕೆಲಸ. ನಾಮಪತ್ರವನ್ನು ಮೊದಲು ದ್ಯಾಮವ್ವನ ಪಾದದ ಮೇಲಿಟ್ಟು ಆಮೇಲೆ ಕಚೇರಿಗೆ ಒಯ್ಯಬೇಕು. ಬಸವಣ್ಣನಿಗೆ ಕಾಯಿ, ಹನುಮಪ್ಪನಿಗೆ ಎಲೆ ಪೂಜೆ. ತಾಂಬೂಲಕ್ಕೆ ಸವಣೂರಿನ ಎಲೆಯೇ ಆಗಬೇಕು, ಬೇರೆ ಎಲೆ ಕೊಟ್ಟರೆ ಹಿರಿಯರು ಬಾಯಿಗಿಡದೆ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಾರೆ. ತಂಗಿಯ ಗಂಡ ಬಂಕಾಪುರದ ದರ್ಗಾಕ್ಕೆ ಹೋಗಿ ಸಕ್ಕರೆಯ ಮೇಲೆ ಫಾತಿಹಾ ಓದಿಸಿಕೊಂಡು ಬಂದ. ಮರುದಿನ ಪಕ್ಕದ ಮನೆಯವರೂ ಅಲ್ಲಿಗೇ ಹೋಗಿ ಓದಿಸಿದರು.

"ಇಬ್ರೂ ಒಂದಽ ದೇವ್ರಿಗೆ ಬೇಡ್ಕೊಂಡ್ರ ಅಂವಾ ಏನ್ ಮಾಡಬೇಕ್ರಿ?" ಎಂದೆ.

"ಯಾರು ಸಕ್ಕರಿ ಹೆಚ್ಚಿಗಿ ಒಯ್ದಾರ ನೋಡ್ತಾನ್ರಿ" ಎಂದ ತಂಗಿಯ ಗಂಡ. ನಗಲಿಲ್ಲ. ನಿಜವೆಂದೇ ಹೇಳಿದ.

ಎಲ್ಲಕ್ಕಿಂತ ದೊಡ್ಡದು ಭಂಡಾರ ಮುಟ್ಟಿಸುವುದು. ತಾಟಿನಲ್ಲಿ ದ್ಯಾಮವ್ವನ ಗುಡಿಯ ಅರಿಶಿನ ಪುಡಿ ಹರವಿ, ನಡುವೆ ಒಂದು ಕಾಯಿ ಇಟ್ಟು ಮನೆಮನೆಗೆ ಒಯ್ಯುತ್ತಾರೆ. ಮತದಾರ ಅದರಲ್ಲಿ ಕೈ ಇಟ್ಟು "ನಿಮಗಽ ಹಾಕ್ತೇನಿ" ಅನ್ನಬೇಕು. ಒಂದು ಕಡೆಯ ತಾಟು ಓಣಿ ದಾಟುವಷ್ಟರಲ್ಲಿ ಇನ್ನೊಂದು ಕಡೆಯದು ಬರುತ್ತಿತ್ತು. ಜನ ಎರಡಕ್ಕೂ ಕೈ ಇಡುತ್ತಿದ್ದರು. ಅದಕ್ಕೂ ಒಂದು ಉಪಾಯವಿದೆ. ಹೆಬ್ಬೆರಳು ಎತ್ತಿ ಹಿಡಿದರೆ ಆಣೆ ತಟ್ಟುವುದಿಲ್ಲವಂತೆ. ತಟ್ಟಿದರೂ ಆಮೇಲೆ ಒಂದು ಕಾಯಿ ಒಡೆದು ತಪ್ಪುಗಾಣಿಕೆ ಹಾಕಿದರೆ ಇಳಿಯುತ್ತದಂತೆ. ಪೂಜಾರಿಯೇ ಹೇಳುತ್ತಿದ್ದ, ಚುನಾವಣೆ ಮುಗಿದ ವಾರ ಗುಡಿಗೆ ಬರುವಷ್ಟು ಕಾಯಿ ಜಾತ್ರೆಗೂ ಬರುವುದಿಲ್ಲ ಎಂದು. ನಮ್ಮ ಸಂತೆಯಲ್ಲೂ ಹೀಗೇ. "ದ್ಯಾಮವ್ವನ ಆಣೆ, ಈ ಎತ್ತು ಹಾಯೂದಿಲ್ಲ, ಕೋಡು ಎತ್ತೂದಿಲ್ಲ" ಎನ್ನದೆ ಯಾರೂ ಎತ್ತು ಮಾರುವುದಿಲ್ಲ, ನಾನೂ ಮಾರಿಲ್ಲ. ಆ ಆಣೆಯನ್ನು ಕೇಳಿದವನೂ ನಂಬುವುದಿಲ್ಲ, ಹೇಳಿದವನೂ ನಂಬುವುದಿಲ್ಲ. ಊಟಕ್ಕೆ ಉಪ್ಪಿದ್ದ ಹಾಗೆ ವ್ಯಾಪಾರಕ್ಕೆ ಅದು.

ನಂಬುವವಳು ನಮ್ಮ ಮನೆಯಲ್ಲಿ ಒಬ್ಬಳೇ ಇದ್ದಳು.

ತಂಗಿ ನಮ್ಮ ಮನೆಗೆ ತಾಟು ತರಲಿಲ್ಲ. ಜೊತೆಗಿದ್ದವಳೊಬ್ಬಳು, "ನಿಮ್ಮವ್ವಗ ಮುಟ್ಟಸೂದಿಲ್ಲೇನು?" ಎಂದಾಗ ತಂಗಿ ಅವಳ ಬೆನ್ನಿಗೊಂದು ಹೊಡೆದಳು. "ಹಡದಾಕಿಗೆ ಆಣಿ ಮಾಡಸ್ತಾರೇನಽ ಹುಚ್ಚಿ?" ಮಾದರಿ ಮತಪತ್ರವೊಂದನ್ನು ಮಾತ್ರ ತಂದಿದ್ದಳು. ಅವ್ವ ಬಾಗಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು.

"ಯವ್ವಾ, ನೋಡಿಲ್ಲೆ. ಹೊಲಿಗಿ ಮಷಿನ್ನು, ನನ್ನ ಗುರ್ತು. ಇದರ ಮುಂದ ಶಿಕ್ಕಾ ಒತ್ತಬೇಕು. ಕಾಣ್ತೇತಿಲ್ಲೋ?"

"ಕಾಣ್ತೇತಿ ಬಿಡ. ಜಲ್ಮೆಲ್ಲಾ ಕೈಯಾಗ ಹೊಲದಾಕಿಗೆ ಮಷಿನ್ ತೋರಸಾಕ ಬಂದಾಳ" ಎಂದಳು ಅವ್ವ. ಇಬ್ಬರೂ ನಕ್ಕರು. ಕೌದಿಯ ಹೊಲಿಗೆ ಗೆರೆ ಎಳೆದಂತೆ ನೆಟ್ಟಗೆ ಬಂದಿತ್ತು. ಸೂಜಿಗೆ ದಾರ ಪೋಣಿಸಿಕೊಡಲು ಅವ್ವ ನನ್ನ ಹೆಂಡತಿಯನ್ನು ಕೂಗುತ್ತಿದ್ದಳು. ವಯಸ್ಸಾದವರು ಯಾರು ಕೂಗುವುದಿಲ್ಲ ಹೇಳಿ.

ಮತದಾನದ ದಿನ ಶಾಲೆಯ ಮುಂದೆ ಎರಡು ಸಾಲು. ಕಣ್ಣು ಕೈಕಾಲು ಸರಿಯಿಲ್ಲದವರು ಜೊತೆಗೆ ಒಬ್ಬರನ್ನು ಒಳಗೆ ಕರೆದೊಯ್ಯಬಹುದು. ಅವ್ವನ ಕೈ ಹಿಡಿಯಲು ಹೋದೆ. ಕೊಡವಿದಳು.

"ಬ್ಯಾಡೋ. ಮಗನ್ನ ಕರಕೊಂಡು ಹ್ವಾದ್ರ ಊರು ಏನಂತೈತಿ? ಇಕಿ ಮಾತಿನ ಮ್ಯಾಲ ಮಕ್ಕಳಿಗೆ ನಂಬಿಗಿಲ್ಲ ಅಂತೈತಿ."

ಹೋದಳು. ರೂಢಿಯ ಶಾಲೆ, ರೂಢಿಯ ಮೆಟ್ಟಿಲು. ಎಡವಲಿಲ್ಲ. ಹೊರಗೆ ಬಂದಾಗ ಮುಖ ಬಾಡಿತ್ತು. ಬಿಸಿಲಿಗೆ ಇರಬೇಕೆಂದುಕೊಂಡೆ.

ಎಣಿಕೆ ಹಾನಗಲ್ಲಿನಲ್ಲಿ. ಶಿಗ್ಗಾಂವಿಯಿಂದ ಹಲಗೆ ಬಾರಿಸುವವರನ್ನು ಕರೆಸಿದ್ದೆವು, ಗುಲಾಲಿನ ಚೀಲ ಟ್ರ್ಯಾಕ್ಟರಿನಲ್ಲಿತ್ತು. ತಂಗಿ ಒಂದು ಮತದಿಂದ ಸೋತಳು. ಮತ್ತೊಮ್ಮೆ ಎಣಿಸಿ ಎಂದು ಕೇಳಿದೆವು, ಎಣಿಸಿದರು. ಅದೇ ಒಂದು. ಸರಿಯಾಗಿ ಶಿಕ್ಕಾ ಬೀಳದೆ ಕುಲಗೆಟ್ಟ ಮತಗಳೆಂದು ಬದಿಗಿಟ್ಟವು ಕೆಲವು ಇದ್ದವು. ಗುಲಾಲಿನ ಚೀಲದ ಬಾಯಿ ಬಿಚ್ಚದೆ ವಾಪಸು ಬಂದೆವು. ದಾರಿಯುದ್ದಕ್ಕೂ ತಂಗಿ ಟ್ರ್ಯಾಕ್ಟರಿನ ಅಂಚು ಹಿಡಿದು ನಿಂತೇ ಇದ್ದಳು, ಕೂಡಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಹತ್ತಾರು ಮತಗಳಿಂದ ಸೋತವನು ಊರಿಗೆ ಬೈದು ಮಲಗುತ್ತಾನೆ. ಒಂದರಿಂದ ಸೋತವನಿಗೆ ಮಾತ್ರ ಆ ಒಬ್ಬ ಯಾರೆಂದು ತಿಳಿಯದೆ ಊಟ ಸೇರುವುದಿಲ್ಲ. ನಿಮ್ಮವರು ಯಾರಾದರೂ ಹಾಗೆ ಸೋತರೆ ಅವರನ್ನು ಒಂದು ವಾರ ಊರಿನಲ್ಲಿ ಇರಗೊಡಬೇಡಿ. ಎಲ್ಲಿಗಾದರೂ ಕರೆದೊಯ್ಯಿರಿ. ನಾನು ಕರೆದೊಯ್ಯಲಿಲ್ಲ, ಹಿರೇಕೆರೂರಿನ ಸಂತೆ ಇತ್ತು.

ಸಂತೆಯಿಂದ ಬರುವಷ್ಟರಲ್ಲಿ ತಂಗಿಯ ಗಂಡ ದ್ಯಾಮವ್ವನ ಗುಡಿಯಲ್ಲಿ ಜನ ಸೇರಿಸಿದ್ದ. ತಾಟಿನಲ್ಲಿ ಭಂಡಾರ, ಮೇಲೆ ಉರಿಯುವ ಕರ್ಪೂರ. ನಮ್ಮ ಕಡೆಯವರೆನ್ನುವವರೆಲ್ಲ ಒಬ್ಬೊಬ್ಬರಾಗಿ ಬಂದು, ಹಾಕಿದ್ದೇವೆ ಎಂದು ಮುಟ್ಟಿ ಹೇಳಬೇಕು. ಚುನಾವಣೆಗೆ ಮೊದಲಿನ ಆಣೆ ಆಡಿದ ಮಾತು, ಇಳಿಸಬಹುದು. ಮುಗಿದ ಮೇಲಿನದು ಮಾಡಿದ ಕೆಲಸದ ಆಣೆ, ಅದು ಇಳಿಯುವುದಿಲ್ಲ ಎನ್ನುತ್ತಾರೆ. ಹಾಗಂತ ಯಾರೂ ಹಿಂಜರಿಯಲಿಲ್ಲ. ಪಕ್ಕದ ಮನೆಯವರ ಗಾಡಿಯಲ್ಲಿ ಊರೆಲ್ಲ ಸುತ್ತಿದ್ದ ಮುದುಕನೊಬ್ಬ ಎಲ್ಲರಿಗಿಂತ ಮುಂದೆ ಬಂದ.

"ನನ್ನ ಹೊಟ್ಟಿ ಬಗದು ನೋಡವಾ. ಒಳಗ ಹೊಲಿಗಿ ಮಷಿನ್ನಽ ಐತಿ."

"ಹೌದ್ಹೌದು, ಅದಕ್ಕಽ ಎರಡೂ ಮನಿ ಊಟ ಹೊಲದು ಹಾಕೀದಿ" ಎಂದು ಹಿಂದಿನಿಂದ ಯಾರೋ ಅಂದರು. ಗುಡಿಯೆಲ್ಲ ನಕ್ಕಿತು. ಮುದುಕನೂ ನಕ್ಕು, ಕೈತುಂಬ ಭಂಡಾರ ಎತ್ತಿ ಹಣೆಗೆ ಬಳಿದುಕೊಂಡ. ಎರಡೂ ಕಡೆಯ ಸೀರೆ ಪಡೆದವಳೊಬ್ಬಳು ಒಂದನ್ನು ಉಟ್ಟುಕೊಂಡೇ ಬಂದು ಮುಟ್ಟಿದಳು. ನಾನು ಮುಟ್ಟಿದೆ, ನನ್ನ ಹೆಂಡತಿ ಮುಟ್ಟಿದಳು. ನಾವು ಹಾಕಿದ್ದೆವು.

ಕೊನೆಗೆ ಅವ್ವ ಉಳಿದಳು. ಯಾರೂ ಅವಳನ್ನು ಕರೆದಿರಲಿಲ್ಲ. ತಂಗಿಯ ಗಂಡ ಸುಮ್ಮನೆ ಶಾಸ್ತ್ರಕ್ಕೆಂಬಂತೆ ತಾಟನ್ನು ಆ ಕಡೆ ಹಿಡಿದ. "ಅತ್ತೀ, ನೀವೂ ಒಂದಿಷ್ಟು ಕೈ ಹಚ್ರಿ. ಮುಗೀತು."

ಅವ್ವನ ಕೈ ಸೆರಗಿನೊಳಗೆ ಹೋಯಿತು. "ನಾ ಮುಟ್ಟಂಗಿಲ್ಲ."

ನಗೆ ನಿಂತಿತು. ತಂಗಿ ಕಂಬಕ್ಕೆ ಒರಗಿ ನಿಂತಿದ್ದವಳು ಮುಂದೆ ಬಂದಳು. "ಯಾಕಬೇ?"

"ಮುಟ್ಟಂಗಿಲ್ಲ ಅಂದ್ನೆಲ್ಲ."

"ನನಗ ಹಾಕೀಯೋ ಇಲ್ಲೋ, ಅಷ್ಟು ಹೇಳು. ತಾಟು ಬ್ಯಾಡ."

"ನಿನಗಂತ ಹ್ವಾದೆ."

"ಹ್ವಾದೆ ಅಂದ್ರ? ಹಾಕೇನಿ ಅನ್ನಬೇ."

ಅವ್ವ ದ್ಯಾಮವ್ವನ ಕಡೆ ಮುಖ ಮಾಡಿ ನಿಂತಳು. ನಾನು ಪಕ್ಕಕ್ಕೆ ಹೋಗಿ ಕಿವಿಯಲ್ಲಿ ಹೇಳಿದೆ, "ಏನ್ ಹೋಗ್ತೇತಿ ನಿಂದು? ಒಂದು ಬೆರಳು ಹಚ್ಚು. ನಾಳಿ ಕಾಯಿ ಒಡದು ಇಳಸ್ತೇನಿ." ಅವ್ವ ನನ್ನ ಕಡೆ ತಿರುಗಿದಳು. "ನೀ ಎತ್ತು ಮಾರಾಕ ಬಂದೀಯೇನಪ ಇಲ್ಲೆ?" ಎಂದಳು. ಅಷ್ಟೇ.

ಆಗ ಹೆಂಗಸರ ಗುಂಪಿನಲ್ಲಿ ಯಾರೋ ಮೆಲ್ಲಗೆ ಅಂದರು: "ದಿನಾ ಮಜ್ಜಿಗಿ ಕುಡದ ಬಾಯಿ."

ತಂಗಿಗೆ ಕೇಳಿಸಿತು. ತಾಟನ್ನು ಗಂಡನ ಕೈಯಿಂದ ಕಸಿದು ದೇವಿಯ ಮುಂದೆ ಇಟ್ಟು, ಕಾಲ್ಮರಿ ಹಾಕಿಕೊಳ್ಳದೆ ಗುಡಿಯಿಂದ ಇಳಿದುಹೋದಳು.

ಅಂದಿನಿಂದ ಎರಡು ಓಣಿಗಳ ದೂರ ಯಾವ ಬಸ್ಸೂ ಮುಟ್ಟಿಸದ ದೂರವಾಯಿತು. ಪಂಚಮಿಗೆ ದೂರದೂರದ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದರು. ಅವ್ವ ಶೇಂಗಾ ಉಂಡಿ ಕಟ್ಟಿ ಡಬ್ಬಿ ತುಂಬಿಸಿ ನನ್ನ ಕೈಯಲ್ಲಿ ಕಳಿಸಿದಳು. ತಂಗಿ ಡಬ್ಬಿ ತೆಗೆದುಕೊಂಡು ಎಲ್ಲವನ್ನೂ ಬೇರೆ ಡಬ್ಬಿಗೆ ಸುರಿದು, ಖಾಲಿ ಡಬ್ಬಿ ತೊಳೆದು ನನ್ನ ಕೈಗೇ ಕೊಟ್ಟಳು. ನಮ್ಮಲ್ಲಿ ಡಬ್ಬಿ ಖಾಲಿ ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ. ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟೆ. ಅಲುಗಿಸಿ ನೋಡಿ ನಾಗೊಂದಿಗೆಯ ಮೇಲೆ ಇಟ್ಟಳು. ಪಕ್ಕದ ಮನೆಯ ಮಜ್ಜಿಗೆಯನ್ನು ಬೇಡವೆಂದು ವಾಪಸು ಕಳಿಸಿದಳು. ಅದು ಯಾರ ಕಣ್ಣಿಗೂ ಬೀಳಲಿಲ್ಲ, ಯಾರೂ ಅದನ್ನು ತಂಗಿಗೆ ಹೇಳಲಿಲ್ಲ.

ಸಂಜೆ ನಲ್ಲಿ ಬಿಟ್ಟಾಗ ತಂಗಿ ನಮ್ಮ ಮನೆಯ ಮುಂದೆಯೇ ಕೊಡ ಹೊತ್ತು ಹೋಗಬೇಕು. ಅವ್ವ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಇನ್ನೂ ಮೂಲೆ ತಿರುಗುವ ಮೊದಲೇ, "ಬಂದ್ಲು ನೋಡು ನಿನ್ನ ತಂಗಿ. ಬಲಗಾಲು ಎಳದು ಇಡ್ತಾಳ, ಕೊಡ ಭಾರ ಆಗೇತಿ" ಅನ್ನುತ್ತಿದ್ದಳು. ಅವ್ವನ ಕಿವಿ ಎಷ್ಟು ಚುರುಕೆಂದು ನನಗೆ ಆಶ್ಚರ್ಯವಾಗುತ್ತಿತ್ತು. ಆಶ್ಚರ್ಯಪಟ್ಟು ಸುಮ್ಮನಾಗುತ್ತಿದ್ದೆ. ಸಂತೆಯಲ್ಲಾಗಿದ್ದರೆ ಟವೆಲ್ ತೆಗೆಯುತ್ತಿದ್ದೆ.

ಒಂದು ದಿನ ಹೊಸದಾಗಿ ತಂದ ಎತ್ತನ್ನು ಅಂಗಳದಲ್ಲಿ ಕಟ್ಟಿದ್ದೆ. ಅಲ್ಲಿ ಎಂದೂ ದನ ಕಟ್ಟುತ್ತಿರಲಿಲ್ಲ. ಅವ್ವ ಬಚ್ಚಲಿಗೆ ಹೊರಟವಳು ನೇರ ಹೋಗಿ ಎತ್ತಿಗೆ ಡಿಕ್ಕಿ ಹೊಡೆದಳು. ಹಾಡಹಗಲು, ಬಿಳಿ ಎತ್ತು. ಹಿಡಿದು ಕೂರಿಸಿದೆ. ಬಾಯಲ್ಲಿ ಏನೂ ಕೇಳದೆ ಹೆಗಲ ಟವೆಲ್ಲನ್ನು ಅವಳ ಮುಖದ ಮುಂದೆ ಇಳಿಬಿಟ್ಟೆ. ರೆಪ್ಪೆ ಅಲುಗಲಿಲ್ಲ.

"ಯಾವಾಗಿಂದಬೇ?"

ತಡವಿ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಎಲ್ಲ ಹೇಳಿದಳು. "ಕಾಗದ ಕೈಯಾಗ ಕೊಟ್ರು. ಎಲ್ಲಾ ಬೆಳ್ಳಗ, ಮಂಜು ಬಿದ್ದಂಗ. ಕಪ್ಪು ಕಪ್ಪು ಅಷ್ಟು ಕಂಡ್ವು. ಯಾವುದು ಮಷಿನ್ನೋ ಯಾವುದು ಏನೋ. ದ್ಯಾಮವ್ವನ ನೆನಸಿ ಒತ್ತಿದೆ. ಎಲ್ಲಿ ಬಿತ್ತೋ ನನಗ ಗೊತ್ತಿಲ್ಲಪ. ಗೊತ್ತಿಲ್ಲದ್ದಕ್ಕ ಹೆಂಗ ಆಣಿ ಮಾಡ್ಲಿ?"

"ಅಲ್ಲೇ ಗುಡ್ಯಾಗ ಇಷ್ಟು ಹೇಳಿದ್ರ ಮುಗೀತಿತ್ತಲ್ಲಬೇ!"

"ಒಂದು ವೋಟಿಗೆ ಸೋತಾಳಪ ಅಕಿ. ಅದು ನಂದಽ ಅಂತ ಗೊತ್ತಾದ್ರ ಅಕಿ ಜೀವ ಏನಾಗಬೇಕು? ಸಿಟ್ಟು ಮಾಡ್ಕೊಂಡ್ರ ಇಂದಲ್ಲ ನಾಳಿ ಇಳೀತೈತಿ ಅಂತ ಮಾಡಿದ್ನಿ."

ಹಾವೇರಿಗೆ ಕರೆದೊಯ್ದೆ. ಎರಡೂ ಕಣ್ಣಿಗೆ ಪೊರೆ, ಬಹಳ ದಿನದ್ದು. ಒಂದೊಂದಾಗಿ ತೆಗೆಯುತ್ತೇವೆ ಎಂದರು ಡಾಕ್ಟರು. ಆಪರೇಷನ್ನಿಗೆ ಮೊದಲೇ ನಾನು ತಂಗಿಯ ಮನೆಗೆ ಓಡಿದೆ. ಇಷ್ಟು ದೊಡ್ಡ ಸುದ್ದಿ ಕೈಯಲ್ಲಿದ್ದಾಗ ಯಾವ ವ್ಯವಹಾರವೂ ಕುದುರದೆ ಇರುವುದಿಲ್ಲ ಎಂಬ ಧೈರ್ಯ.

ತಂಗಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿದಳು.

"ಕೌದಿ ನೆಟ್ಟಗ ಹೊಲೀತಾಳ, ವೋಟು ಹಾಕೂವಾಗಷ್ಟಽ ಕುಲ್ಡಿ ಆದ್ಲೇನು?"

"ದ್ಯಾಮವ್ವನಾಣಿ, ಖರೇನ ಕಾಣೂದಿಲ್ಲವ್ವ ಅಕಿಗೆ. ನಿನ್ನ ಮುಂದ ಭಂಡಾರ ತಂದಿಡು, ಮುಟ್ಟಿ ಹೇಳ್ತೇನಿ."

ತಂಗಿ ಮೊದಲ ಬಾರಿ ನನ್ನ ಮುಖ ನೋಡಿದಳು. "ಅಣ್ಣಾ, ನೀ ಹಾಯೂ ಎತ್ತಿಗೂ ಇದಽ ಆಣಿ ಮಾಡ್ತಿ. ನಿನ್ನ ಆಣಿ ಒಯ್ದು ನಾ ಎಲ್ಲೆ ಇಟ್ಕೊಳ್ಲಿ?"

ಒಂದು ರೊಟ್ಟಿಯೂ ತಿನ್ನದೆ ಎದ್ದು ಬಂದೆ. ಜೀವಮಾನವೆಲ್ಲ ಮಾತಿನಿಂದಲೇ ಉಂಡವನಿಗೆ ಅಂದು ಮಾತು ಚಲಾವಣೆಯಾಗಲಿಲ್ಲ. ವ್ಯಾಪಾರಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಈಗ ಹೇಳುವುದಿಷ್ಟು: ದರದಲ್ಲಿ ಎಷ್ಟು ಬೇಕಾದರೂ ಎಳೆದಾಡಿ, ದೇವರನ್ನು ನಡುವೆ ಕರೆಯಬೇಡಿ. ಎಂದಾದರೂ ಒಮ್ಮೆ ನಿಜಕ್ಕೆ ಕರೆಯಬೇಕಾಗುತ್ತದೆ.

ನಡೆದದ್ದನ್ನು ಅವ್ವನಿಗೆ ಹೇಳಿದೆ. ಹೇಳಬಾರದಿತ್ತೋ ಏನೋ. ಮುಂಜಾನೆಯೇ ಮೈ ತೊಳೆದುಕೊಂಡು, "ನಡಿ, ನನಗ ಗೊತ್ತಿರೂದಕ್ಕ ನಾ ಆಣಿ ಮಾಡ್ತೇನಿ" ಎಂದಳು. ಗುಡಿಯಿಂದ ಒಂದು ಎಲೆಯಲ್ಲಿ ಭಂಡಾರ ಕಟ್ಟಿಸಿಕೊಂಡು, ನನ್ನ ಕೈ ಹಿಡಿದು ಎರಡು ಓಣಿ ದಾಟಿದಳು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವ್ವ ಹೊಸ್ತಿಲ ಮೇಲೆ ಎಲೆ ಬಿಚ್ಚಿ, ತಡವಿ, ಐದೂ ಬೆರಳು ಊರಿದಳು. ಹೆಬ್ಬೆರಳೂ ಊರಿತ್ತು.

"ನನಗ ಕಾಗದ ಕಾಣಲಿಲ್ಲ. ನಿನಗಂತ ಒತ್ತಿದೆ. ಎಲ್ಲಿ ಬಿತ್ತೋ ಗೊತ್ತಿಲ್ಲ. ಇದರಾಗ ಸುಳ್ಳಿದ್ರ ದ್ಯಾಮವ್ವ ನನ್ನ ಇದ್ದಷ್ಟು ಕಣ್ಣೂ ತಕ್ಕೊಳ್ಲಿ."

ತಂಗಿ ನಂಬಿದಳು. ಅದು ಅವಳ ಮುಖದಲ್ಲಿ ಕಂಡಿತು. ಅವ್ವನ ಆಣೆಯನ್ನು ನಂಬದಿರಲು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಒಂದು ಗಳಿಗೆ ಬಗ್ಗಿ ಅವ್ವನ ಭುಜ ಹಿಡಿಯುತ್ತಾಳೆ ಎಂದುಕೊಂಡೆ, ಕೈ ಅರ್ಧ ಬಂದಿತ್ತು. ನಡುವೆಯೇ ನಿಂತಿತು.

"ಹಂಗಾರ ಆ ಒಂದು ವೋಟು ನಿಂದಬೇ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಕೇಳಿದ್ನಿ. ಕಾಣ್ತೇತಿಲ್ಲೋ ಅಂತ ಕೇಳಿದ್ನಿ. ಕಾಣ್ತೇತಿ ಬಿಡ ಅಂದಿ." ಬಾಗಿಲು ಮುಚ್ಚಿಕೊಂಡಿತು. ಮೆಲ್ಲಗೆ.

ಅವ್ವ ಭಂಡಾರದ ಕೈಯನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ. ಹಾಗೇ ಮೇಲೆತ್ತಿ ಹಿಡಿದುಕೊಂಡು ಮನೆಯವರೆಗೂ ಬಂದಳು.

ಎರಡೂ ಕಣ್ಣಿನ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಈಗ ಅವ್ವ ತಾನೇ ಸೂಜಿಗೆ ದಾರ ಪೋಣಿಸುತ್ತಾಳೆ. ಊರಿನಲ್ಲಿ ಮತ್ತೆ ಪಂಚಾಯಿತಿ ಚುನಾವಣೆಯ ಮಾತು ಎದ್ದಿದೆ. ಮೊನ್ನೆ ಹೊಸ ಹುರಿಯಾಳುಗಳು ಹಣೆಗೆ ಭಂಡಾರ ಹಚ್ಚಿಕೊಂಡು ನಮ್ಮ ಬಾಗಿಲಿಗೂ ಬಂದಿದ್ದರು. ತಂಗಿ ಈ ಸಲ ನಿಂತಿಲ್ಲ. ಗಟಾರವೂ ಆಗಿಲ್ಲ.

ಕನ್ನಡಕ ಬಂದ ದಿನದ ಮಾತು ಹೇಳಿ ಮುಗಿಸುತ್ತೇನೆ. ಸಂಜೆ ನಲ್ಲಿ ಬಿಟ್ಟಿತು. ತಂಗಿ ಕೊಡ ಹೊತ್ತು ಮೂಲೆ ತಿರುಗಿದಳು. ಅವ್ವ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ತಂಗಿ ನಮ್ಮ ಮನೆ ಹತ್ತಿರ ಬರುತ್ತಿದ್ದಂತೆ ಕೊಡವನ್ನು ಈ ಕಡೆಯ ಸೊಂಟಕ್ಕೆ ಬದಲಿಸಿ, ಮುಖವನ್ನು ಆ ಕಡೆಯ ಗೋಡೆಗೆ ತಿರುಗಿಸಿಕೊಂಡು ದಾಟಿಹೋದಳು. ದಿನಾ ಹೀಗೆಯೇ ದಾಟುತ್ತಿದ್ದಳು. ನನಗೆ ಮೊದಲಿನಿಂದಲೂ ಗೊತ್ತಿತ್ತು.

ಅವ್ವ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಮೊದಲು ಹೆಜ್ಜಿ ಸಪ್ಪಳ ಅಷ್ಟಽ ಕೇಳ್ತಿತ್ತಪ" ಎಂದಳು. "ಈ ಕಡೆ ನೋಡಿಕೊಂತ ಹೋಗ್ತಾಳ ಅಂತ ಮಾಡಿದ್ನಿ."